ಕ್ಯಾಂಪರ್‌ನಲ್ಲಿ ಯೂರೋ ಕಪ್: ಮೊಬೈಲಾ, ಡಿಶ್ಶಾ, ಊರಿನ ಹೋಟೆಲಾ?

ಕ್ಯಾಂಪರ್‌ನಲ್ಲಿ, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳಬಹುದಾದ ಗಾಡಿಯಲ್ಲಿ, ತಿರುಗುತ್ತಾ ಫುಟ್‌ಬಾಲ್ ನೋಡುವುದು ಹೇಗೆ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಟಿವಿ ಡಿಶ್‌ಗೆ. ಅದೂ ಗಾಡಿಯ ಮಾಡಿನ ಮೇಲೆ ತಾನಾಗಿ ತಿರುಗುವ ದುಬಾರಿ ಡಿಶ್‌ಗಲ್ಲ, ಸೂಟ್‌ಕೇಸಿನೊಳಗೆ ಬಿಚ್ಚಿಡಬಹುದಾದ ಸಣ್ಣ ಡಿಶ್‌ಗೆ. ಸೆಕೆಂಡ್ ಹ್ಯಾಂಡಿನಲ್ಲಿ 45 ಯೂರೋಗೆ ಸಿಕ್ಕಿತು, ನಮ್ಮ ಲೆಕ್ಕದಲ್ಲಿ 4,000 ರೂಪಾಯಿ ಚಿಲ್ಲರೆ. ಅದಕ್ಕಿಂತ ಜಾಸ್ತಿ ದುಡ್ಡನ್ನು ನಾನು ವಿಮಾನ ಹತ್ತುವ ಮೊದಲೇ ಮಂಗಳೂರಿನಲ್ಲಿ ಕೂತು ಮೊಬೈಲಿಗೆ ಹಾಕಿದ್ದೆ. ಅದು ಪೂರ್ತಿ ದಂಡವಾಯಿತು.

2024ರ ಯೂರೋ ಕಪ್ ಫುಟ್‌ಬಾಲ್ ಜರ್ಮನಿಯಲ್ಲಿ ನಡೆದದ್ದು ನಿಮಗೆ ಗೊತ್ತಲ್ಲ. ಜೂನ್ 14ರಿಂದ ಜುಲೈ 14ರವರೆಗೆ, ಒಟ್ಟು 51 ಆಟ. ನನ್ನ ಅಕ್ಕ-ಭಾವ ಇರುವುದು ಸ್ಟುಟ್‌ಗಾರ್ಟ್‌ನ ಬಾಡ್ ಕಾನ್‌ಸ್ಟಾಟ್‌ನಲ್ಲಿ, ಸ್ಟೇಡಿಯಂ ಇರುವ ಭಾಗದಲ್ಲೇ. ಟಿಕೆಟ್ ಮಾತ್ರ ಒಂದೂ ಸಿಗಲಿಲ್ಲ. "ಟಿಕೆಟ್ ಇಲ್ಲದಿದ್ದರೆ ಏನಾಯಿತು, ನೀನು ಬಾ. ಕ್ಯಾಂಪರ್ ಬಾಡಿಗೆಗೆ ತಗೊಳ್ಳುವ, ಊರೂ ನೋಡಿದ ಹಾಗಾಯಿತು, ಆಟವೂ ನೋಡಿದ ಹಾಗಾಯಿತು" ಅಂತ ಭಾವ ಕರೆದರು. ಬೋಡನ್ಸೀ ಸರೋವರ, ಅಲ್ಲಿಂದ ಆಸ್ಟ್ರಿಯಾದ ಟಿರೋಲ್, ಆಮೇಲೆ ಇಟಲಿಯ ಗಾರ್ಡಾ ಸರೋವರ, ವಾಪಸ್ ಸ್ಟುಟ್‌ಗಾರ್ಟ್. ಎರಡು ವಾರ. ಅಕ್ಕ, ಭಾವ, ಅವರ ಹದಿನಾಲ್ಕು ವರ್ಷದ ಮಗ, ನಾನು.

ನಾನು ಆಟ ಬಿಡುವವನಲ್ಲ. ಮಳೆಗಾಲದಲ್ಲಿ ನೆಹರೂ ಮೈದಾನದ ಕೆಸರಿನಲ್ಲಿ ಹುಡುಗರು ಆಡುತ್ತಿದ್ದರೆ ಬಸ್ ತಪ್ಪಿಸಿಕೊಂಡು ನಿಂತು ನೋಡುತ್ತೇನೆ. ಊರಲ್ಲೇ ಇದ್ದಿದ್ದರೆ ಯೂರೋ ಆಟಗಳು ಸಂಜೆ ಆರೂವರೆ, ರಾತ್ರಿ ಒಂಬತ್ತೂವರೆ ಮತ್ತು ಹನ್ನೆರಡೂವರೆಗೆ. ಅಲ್ಲಿ ಅದೇ ಆಟ ಮಧ್ಯಾಹ್ನ ಮೂರು, ಸಂಜೆ ಆರು, ರಾತ್ರಿ ಒಂಬತ್ತಕ್ಕೆ. ನಿದ್ದೆಗೆಡದೆ ನೋಡಬಹುದು ಅನ್ನುವುದೇ ನನಗೆ ದೊಡ್ಡ ಖುಷಿಯಾಗಿತ್ತು.

ಇಲ್ಲಿಂದ ಹೊರಡುವಾಗ ನಾನು ಎರಡು ಕೆಲಸ ಮಾಡಿದ್ದೆ. ಆಟ ತೋರಿಸುವ ಒಂದು ಭಾರತೀಯ ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದೆ, ಮೊಬೈಲಿಗೆ ವಿದೇಶಿ ರೋಮಿಂಗ್ ಪ್ಯಾಕ್ ಹಾಕಿಸಿದೆ. ಸ್ಟುಟ್‌ಗಾರ್ಟ್ ತಲುಪಿ ಆ್ಯಪ್ ತೆರೆದರೆ, ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ ಅಂತ ಬಂತು. ಪ್ರಸಾರದ ಹಕ್ಕು ಮಾರುವುದೇ ದೇಶ ದೇಶಕ್ಕೆ ಬೇರೆ ಬೇರೆಯಾಗಿ. ಭಾರತಕ್ಕೆ ತಗೊಂಡವರು ಭಾರತದಲ್ಲಿ ಮಾತ್ರ ತೋರಿಸಬಹುದು. ದುಡ್ಡು ಕಟ್ಟುವ ಮೊದಲು ಇದನ್ನು ಯೋಚಿಸಬೇಕಿತ್ತು. ನೀವಾದರೂ ಯೋಚಿಸಿ.

ಹಾಗಾಗಿ ಮೊದಲ ಎರಡು ದಿನ ಭಾವನ ಮೊಬೈಲ್‌ನಲ್ಲಿ ಜರ್ಮನ್ ಚಾನೆಲ್‌ನ ಆ್ಯಪ್ ಹಾಕಿ, ಅದನ್ನು ಕ್ಯಾಂಪರ್‌ನ 22 ಇಂಚಿನ ಟಿವಿಗೆ ಜೋಡಿಸಿ ನೋಡಿದೆವು. ಚಿತ್ರ ಚೆನ್ನಾಗಿತ್ತು. ಡೇಟಾ ಒಂದು ಆಟಕ್ಕೆ ನಾಲ್ಕೈದು ಜಿಬಿ ಹೋಗುತ್ತಿತ್ತು, ಅದನ್ನೂ ಸಹಿಸಿಕೊಂಡೆವು. ಸಹಿಸಲು ಆಗದ್ದು ಬೇರೆ.

ಜೂನ್ 23, ಭಾನುವಾರ ರಾತ್ರಿ. ಬೋಡನ್ಸೀ ದಡದ ಕ್ಯಾಂಪ್‌ಸೈಟ್. ಫ್ರಾಂಕ್‌ಫರ್ಟ್‌ನಲ್ಲಿ ಜರ್ಮನಿ–ಸ್ವಿಟ್ಜರ್ಲೆಂಡ್ ಆಟ. ಸರೋವರದ ಆಚೆ ದಡವೇ ಸ್ವಿಟ್ಜರ್ಲೆಂಡ್, ಹಾಗಾಗಿ ಕ್ಯಾಂಪ್‌ಸೈಟ್ ತುಂಬ ಎರಡೂ ಕಡೆಯವರು. 28ನೇ ನಿಮಿಷಕ್ಕೆ ಎನ್‌ಡೊಯ್ ಗೋಲು ಹೊಡೆದ, ಸ್ವಿಟ್ಜರ್ಲೆಂಡ್ ಮುಂದೆ. ಅದೂ ನಮಗೆ ಗೊತ್ತಾದದ್ದು ಟಿವಿಯಿಂದಲ್ಲ, ಎರಡು ಗಾಡಿ ಆಚೆಯವರ ಬೊಬ್ಬೆಯಿಂದ. ನಮ್ಮ ಪರದೆಯಲ್ಲಿ ಚೆಂಡು ಇನ್ನೂ ಮೈದಾನದ ನಡುವೆ ಇತ್ತು. ಅಳಿಯ ನನ್ನ ಮುಖ ನೋಡಿದ. ಎಂಥದ್ದೋ ಆಯಿತು ಅಂತ ಗೊತ್ತು, ಎಂಥದ್ದು ಅಂತ ಗೊತ್ತಿಲ್ಲ. ಆಮೇಲೆ ಅರ್ಧ ನಿಮಿಷ ಸುಮ್ನೆ ಕಾಯಬೇಕು.

ಆಮೇಲಿನ ಒಂದು ಗಂಟೆ ನಾವು ಆಟ ನೋಡಲಿಲ್ಲ, ಅಕ್ಕಪಕ್ಕದ ಸದ್ದು ಕೇಳಿದೆವು. ಯಾರಾದರೂ ಕುರ್ಚಿ ಎಳೆದರೂ ಕಿವಿ ಅತ್ತ ಹೋಗುತ್ತಿತ್ತು. ಜರ್ಮನಿಗೆ ಕಾರ್ನರ್ ಸಿಕ್ಕಿದರೆ ಅಳಿಯ ಮುಂದಕ್ಕೆ ಬಾಗುತ್ತಿದ್ದ, ಪಕ್ಕದ ಗಾಡಿಯವರು ಸುಮ್ಮನಿದ್ದಾರೆ ಅಂತ ಗೊತ್ತಾದ ಕೂಡಲೇ ಹಿಂದಕ್ಕೆ ಒರಗುತ್ತಿದ್ದ. ಗೋಲು ಆಗಲಿಲ್ಲ ಅಂತ ಅವನಿಗೆ ಚೆಂಡು ಬರುವ ಮೊದಲೇ ಗೊತ್ತು! 92ನೇ ನಿಮಿಷಕ್ಕೆ ಇಡೀ ಕ್ಯಾಂಪ್‌ಸೈಟ್ ಎದ್ದು ಕೂಗಿತು. ಯಾರೋ ಪಾತ್ರೆ ಬಡಿದರು. ನಮ್ಮ ಟಿವಿಯಲ್ಲಿ ಆಗ ಥ್ರೋ ಇನ್‌ಗೆ ಚೆಂಡು ಒರೆಸುತ್ತಿದ್ದರು. ರೌಮ್ ಎಡದಿಂದ ಎತ್ತಿ ಕೊಟ್ಟದ್ದು, ಫುಲ್‌ಕ್ರುಗ್ ತಲೆಯಿಂದ ಹೊಡೆದು ಜರ್ಮನಿ ಸಮ ಮಾಡಿದ್ದು ಎಲ್ಲ ನೋಡಿದೆವು, ಆದರೆ ಎದ್ದು ಕುಣಿಯಲು ಆಗಲಿಲ್ಲ. ಎಲ್ಲರೂ ಕುಣಿದು ಮುಗಿಸಿ ಕೂತಿದ್ದರು. ಹುಡುಗ ಟಿವಿ ಆಫ್ ಮಾಡಿ ಒಳಗೆ ಹೋಗಿ ಮಲಗಿದ.

ಆ ರಾತ್ರಿ ಭಾವ ಗಡಿಯಾರ ಹಿಡಿದು ನೋಡಿದ್ದರು. ನಮ್ಮ ಆ್ಯಪ್ ಪಕ್ಕದವರ ಡಿಶ್‌ಗಿಂತ 35 ಸೆಕೆಂಡು ಹಿಂದೆ. ಯಾಕೆ ಹೀಗೆ ಅಂದರೆ, ಇಂಟರ್ನೆಟ್‌ನಲ್ಲಿ ಆಟ ಹರಿದು ಬರುವುದಿಲ್ಲ, ತುಂಡು ತುಂಡಾಗಿ ಬರುತ್ತದೆ. ಕೆಲವು ಸೆಕೆಂಡಿನ ಒಂದು ತುಂಡು ತಯಾರಾಗಬೇಕು, ಸರ್ವರ್‌ಗೆ ಹೋಗಬೇಕು, ಅಲ್ಲಿಂದ ಫೋನಿಗೆ ಬರಬೇಕು. ಫೋನು ಮಧ್ಯೆ ನಿಂತುಹೋಗಬಾರದು ಅಂತ ಒಂದೆರಡು ತುಂಡು ಕೂಡಿಸಿಟ್ಟುಕೊಂಡೇ ತೋರಿಸುತ್ತದೆ. ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಮೇಲೆ. ಅಲ್ಲಿಗೆ ಹೋಗಿ ಕೆಳಗೆ ಬರಲು ಸಿಗ್ನಲ್‌ಗೆ ಬೇಕಾದದ್ದು ಕಾಲು ಸೆಕೆಂಡು ಮಾತ್ರ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಒಬ್ಬರೇ ನೋಡುವಾಗ ಇದು ಲೆಕ್ಕಕ್ಕೇ ಬರುವುದಿಲ್ಲ. ಕ್ಯಾಂಪ್‌ಸೈಟ್‌ನಲ್ಲಿ ನಾಲ್ಕು ಮೀಟರ್ ಆಚೆ ಇನ್ನೊಂದು ಗಾಡಿ, ಗೋಡೆ ತೆಳು, ಬೇಸಿಗೆ ಅಂತ ಕಿಟಕಿ ತೆರೆದೇ ಇರುತ್ತದೆ. ಎಲ್ಲವೂ ಕೇಳುತ್ತದೆ.

ಮೊಬೈಲಿನ ಬಗ್ಗೆ ಇನ್ನೆರಡು ಮಾತು. ಬೋಡನ್ಸೀ ದಡದಲ್ಲಿ ಫೋನು ತಾನಾಗಿ ಸ್ವಿಸ್ ಟವರ್ ಹಿಡಿಯುತ್ತದೆ. ಸ್ವಿಟ್ಜರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿಲ್ಲ, 2017ರಿಂದ ಬಂದ ರೋಮಿಂಗ್ ರಿಯಾಯಿತಿಯ ನಿಯಮ ಅದಕ್ಕೆ ತಾನಾಗಿ ಸೇರುವುದಿಲ್ಲ, ಹಾಗಾಗಿ ನೆಟ್‌ವರ್ಕ್ ಕೈಯಿಂದಲೇ ಆರಿಸಿಡಿ. ಮತ್ತೆ, ಜರ್ಮನಿಯ ಉಚಿತ ಚಾನೆಲ್‌ಗಳ ಆ್ಯಪ್‌ನಲ್ಲಿ ಆಟ ನೋಡಲು ಜರ್ಮನಿಯೊಳಗೇ ಇರಬೇಕು, ಆಸ್ಟ್ರಿಯಾ ಗಡಿ ದಾಟಿದ ಕೂಡಲೇ ನಮ್ಮದು ನಿಂತಿತು. ಭಾವನ ಹತ್ತಿರ ಇದ್ದ ದುಡ್ಡು ಕಟ್ಟಿದ ಚಂದಾ ಮಾತ್ರ ಇಟಲಿಯಲ್ಲೂ ನಡೆಯಿತು. 2018ರ ಏಪ್ರಿಲ್‌ನಿಂದ ಒಕ್ಕೂಟದೊಳಗೆ ಹಾಗೊಂದು ನಿಯಮ ಉಂಟು, ಒಂದು ದೇಶದಲ್ಲಿ ದುಡ್ಡು ಕೊಟ್ಟವರು ಇನ್ನೊಂದಕ್ಕೆ ಪ್ರವಾಸ ಹೋದಾಗಲೂ ನೋಡಬಹುದು ಅಂತ. ಆದರೆ ಅದೂ ಅರ್ಧ ನಿಮಿಷ ಹಿಂದೆಯೇ.

ಆ ಸ್ವಿಟ್ಜರ್ಲೆಂಡ್ ಆಟದ ಮರುದಿನ ಬೆಳಿಗ್ಗೆ ಅಳಿಯನೇ ಜಾಹೀರಾತು ಹುಡುಕಿದ. ಬ್ರೆಗೆನ್ಸ್‌ನಲ್ಲಿ ಒಬ್ಬರು ಹಳೇ ಕ್ಯಾಂಪಿಂಗ್ ಡಿಶ್ ಮಾರುತ್ತಿದ್ದರು, ಅದು ನಮ್ಮ ದಾರಿಯಲ್ಲೇ. ಸುಮಾರು 40 ಸೆಂಟಿಮೀಟರ್ ಅಗಲದ ಡಿಶ್, ಮೂರು ಕಾಲಿನ ಸ್ಟ್ಯಾಂಡ್, 10 ಮೀಟರ್ ಕೇಬಲ್. ರಿಸೀವರ್, ಅಂದರೆ ಸೆಟ್‌ಟಾಪ್ ಬಾಕ್ಸ್, ಬೇರೆ ಬೇಕಾಗಲಿಲ್ಲ, ಕ್ಯಾಂಪರ್‌ನ ಟಿವಿಯೊಳಗೇ ಇತ್ತು. ನಿಮ್ಮ ಗಾಡಿಯ ಟಿವಿಯಲ್ಲಿ ಇದೆಯಾ ಅಂತ ಬಾಡಿಗೆಗೆ ಕೊಡುವವರನ್ನು ಮೊದಲೇ ಕೇಳಿಕೊಳ್ಳಿ.

ಹಿಡಿಯಬೇಕಾದದ್ದು 19.2 ಡಿಗ್ರಿ ಪೂರ್ವದ ಆಸ್ಟ್ರಾ ಉಪಗ್ರಹ. ಜರ್ಮನಿಯ ಎರಡು ಸಾರ್ವಜನಿಕ ಚಾನೆಲ್, ಎಆರ್‌ಡಿ ಮತ್ತು ಜಡ್‌ಡಿಎಫ್, ಅದರಲ್ಲಿ ಎಚ್‌ಡಿಯಲ್ಲೇ ಉಚಿತ. ಲಾಕ್ ಇಲ್ಲ, ಕಾರ್ಡ್ ಬೇಡ. ಉಪಗ್ರಹಕ್ಕೆ ಗಡಿ ಗೊತ್ತಿಲ್ಲವಲ್ಲ, ಹಾಗಾಗಿ ಗಾರ್ಡಾದಲ್ಲೂ ಅದೇ ಚಿತ್ರ. ಜರ್ಮನಿಯ ಆಟ ಎಲ್ಲವೂ ಇವೆರಡರಲ್ಲಿ ಬಂತು, ಉಳಿದವುಗಳಲ್ಲೂ ಬಹಳಷ್ಟು. ಕೆಲವು ಆಟ ಮಾತ್ರ ದುಡ್ಡು ಕಟ್ಟುವ ಆ್ಯಪ್‌ನಲ್ಲಷ್ಟೇ ಇದ್ದವು, ಅವನ್ನು ಬಿಟ್ಟುಬಿಟ್ಟೆವು. ಹುಡುಕುವಾಗ ಟಿವಿಯಲ್ಲಿ ಫ್ರೀಕ್ವೆನ್ಸಿ 11494, ಅಡ್ಡ, ಅಂದರೆ ಹಾರಿಜಾಂಟಲ್, ಸಿಂಬಲ್ ರೇಟ್ 22000 ಅಂತ ಹಾಕಿಟ್ಟರೆ ಎಆರ್‌ಡಿ ಸಿಗುತ್ತದೆ. ಜಡ್‌ಡಿಎಫ್‌ಗೆ 11362.

ಇಲ್ಲಿ ನಮ್ಮೂರಿನವರಿಗೆ ಒಂದು ವಿಷಯ ವಿವರವಾಗಿ ಹೇಳಬೇಕು. ಮಂಗಳೂರಿನ ತಾರಸಿಯಲ್ಲಿ ಡಿಶ್ ಕೂರಿಸಿ ಅಭ್ಯಾಸ ಇರುವವರು ಅಲ್ಲಿ ಪೆಚ್ಚಾಗುತ್ತಾರೆ. ನಮಗೆ ಉಪಗ್ರಹ ಹೆಚ್ಚುಕಡಿಮೆ ತಲೆಯ ಮೇಲೆ. ಡಿಡಿ ಫ್ರೀ ಡಿಶ್‌ನ ಉಪಗ್ರಹ ಮಂಗಳೂರಿಗೆ ಸುಮಾರು 63 ಡಿಗ್ರಿ ಎತ್ತರದಲ್ಲಿ ಕಾಣುತ್ತದೆ. ಪಕ್ಕದಲ್ಲಿ ತೆಂಗಿನಮರ ಇದ್ದರೂ ಸಿಗ್ನಲ್ ಅದರ ಮೇಲಿಂದ ಇಳಿದು ಬರುತ್ತದೆ. ಬೋಡನ್ಸೀಯಲ್ಲಿ ಆಸ್ಟ್ರಾ 34 ಡಿಗ್ರಿ, ಗಾರ್ಡಾದಲ್ಲಿ 37. ಅಂದರೆ ಎದುರಿಗೆ ನೋಡಿ ಸ್ವಲ್ಪ ತಲೆ ಎತ್ತಿದಷ್ಟು. ಡಿಶ್ಶಂತೂ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಮೊದಲ ದಿನ ನಾನು ಊರಿನ ರೂಢಿಯಲ್ಲಿ ಅದನ್ನು ಆಕಾಶಕ್ಕೆ ಮುಖ ಮಾಡಿಸಿ ಮುಕ್ಕಾಲು ಗಂಟೆ ಕಳೆದೆ. ಒಂದು ಗೆರೆ ಸಿಗ್ನಲ್ ಬರಲಿಲ್ಲ. ಭಾವ ಬಂದು ಡಿಶ್‌ನ ಮುಖ ಕೆಳಗಿಳಿಸಿ, ಬೆರಳಿನಷ್ಟು ಎಡಕ್ಕೆ ತಿರುಗಿಸಿದರು. ಟಿವಿಯಲ್ಲಿ ಗೆರೆ ಒಮ್ಮೆಲೇ ಏರಿತು.

ಇಷ್ಟು ಕೆಳಗೆ ಇರುವುದರಿಂದ ಮರ ಅಡ್ಡ ಬರುತ್ತದೆ. ನಾವು ಕಂಡುಕೊಂಡ ಲೆಕ್ಕ ಹೀಗೆ: ಎದುರಿನ ಮರ ಎಷ್ಟು ಎತ್ತರವೋ, ಡಿಶ್ ಅದರಿಂದ ಅದರ ಒಂದೂವರೆ ಪಟ್ಟು ದೂರ ಇರಬೇಕು. 10 ಮೀಟರ್ ಮರಕ್ಕೆ 15 ಮೀಟರ್. ದಿಕ್ಕಿಗೆ ದಿಕ್ಸೂಚಿಯೂ ಬೇಡ. ಆ ಊರುಗಳಲ್ಲಿ ಬೇಸಿಗೆಯ ಮಧ್ಯಾಹ್ನ ಸುಮಾರು ಒಂದು ಗಂಟೆಗೆ ಸೂರ್ಯ ಎಲ್ಲಿರುತ್ತಾನೋ ಉಪಗ್ರಹ ಅದೇ ದಿಕ್ಕಿನಲ್ಲಿ, ಅವನಿಗಿಂತ ಕೆಳಗೆ. ಕ್ಯಾಂಪ್‌ಸೈಟ್‌ಗೆ ಊಟದ ಹೊತ್ತಿಗೆ ತಲುಪಿದರೆ ಜಾಗ ಆರಿಸುವುದು ಸುಲಭ.

ಈ ಮರದ ಕಾರಣಕ್ಕೇ ನನಗೆ ಮಾಡಿನ ಮೇಲಿನ ಡಿಶ್‌ಗಿಂತ ನೆಲದ ಮೇಲಿನದು ಇಷ್ಟ. ಗಾರ್ಡಾದಲ್ಲಿ ಜೂನ್ ಕೊನೆಯ ಬಿಸಿಲು ನಮ್ಮ ಮೇ ತಿಂಗಳ ಬಿಸಿಲಿನ ಹಾಗೆ. ತಗಡಿನ ಗಾಡಿಯನ್ನು ಬಿಸಿಲಿನಲ್ಲಿ ನಿಲ್ಲಿಸಿದರೆ ಒಳಗೆ ಕೂರಲು ಆಗುವುದಿಲ್ಲ, ಮರದಡಿಯೇ ಬೇಕು. ಎದುರಿನ ಗಾಡಿಯ ಜರ್ಮನ್ ದಂಪತಿಯ ಹತ್ತಿರ ಗುಂಡಿ ಒತ್ತಿದರೆ ತಾನೇ ಎದ್ದು ಉಪಗ್ರಹ ಹುಡುಕುವ ಡಿಶ್ ಇತ್ತು. ಅಂಥದ್ದಕ್ಕೆ ಸಾವಿರ ಯೂರೋ ಮೀರುತ್ತದೆ. ಜೂನ್ 29ರ ರಾತ್ರಿ, ಜರ್ಮನಿ–ಡೆನ್ಮಾರ್ಕ್ ಆಟದ ಹೊತ್ತಿಗೆ, ಅದು ಎದ್ದಿತು, ಸುತ್ತಿತು, ಎಲೆಗಳ ನಡುವೆ ಏನೂ ಸಿಗದೆ ಮಲಗಿತು. ಗಾಡಿ ಸರಿಸೋಣ ಅಂದರೆ ಹಿಂದೆ ಮುಂದೆ ಟೆಂಟುಗಳು. ನಮ್ಮ ಗಾಡಿಯೂ ಅದೇ ಮರದಡಿ ಇತ್ತು, ಆದರೆ ಡಿಶ್ ಹತ್ತು ಮೀಟರ್ ಆಚೆ ಬಯಲಿನಲ್ಲಿ ನಿಂತಿತ್ತು. ಅಕ್ಕನೇ ಹೋಗಿ ಅವರನ್ನು ಕರೆದಳು. ಇಬ್ಬರೂ ಕುರ್ಚಿ ಹಿಡಿದುಕೊಂಡು ಬಂದರು. ಅಕ್ಕ ಊರಿನಿಂದ ತರಿಸಿಕೊಂಡ ಹಲಸಿನ ಹಪ್ಪಳ ಕರಿದಳು.

ಆ ಆಟದಲ್ಲಿ ಒಂದು ವಿಶೇಷ ಆಯಿತು. 35ನೇ ನಿಮಿಷದ ಹೊತ್ತಿಗೆ ಡೋರ್ಟ್‌ಮುಂಡ್‌ನಲ್ಲಿ ಗುಡುಗು ಸಿಡಿಲು, ರೆಫರಿ ಆಟ ನಿಲ್ಲಿಸಿ ಎರಡೂ ತಂಡಗಳನ್ನು ಒಳಗೆ ಕಳಿಸಿದರು. ಸುಮಾರು 25 ನಿಮಿಷ. ಸ್ಟೇಡಿಯಂನ ಮಾಡಿನಿಂದ ನೀರು ಧೋ ಅಂತ ಸುರಿಯುವುದನ್ನು ನೋಡಿ ನನಗೆ ಊರೇ ನೆನಪಾಯಿತು. ಮಂಗಳೂರಿನಲ್ಲಿ ಅಂಥ ಮಳೆ ಬಂದರೆ ಟಿವಿ ಸಿಗ್ನಲ್ ಹೋಗುತ್ತದೆ, ಮೈದಾನದಲ್ಲಿ ಆಟ ನಡೆಯುತ್ತಲೇ ಇರುತ್ತದೆ. ಇಲ್ಲಿ ಸಿಗ್ನಲ್ ಇತ್ತು, ಆಟ ಇರಲಿಲ್ಲ. ಮಳೆ ನಿಂತ ಮೇಲೆ ಜರ್ಮನಿಗೆ ಹಾವರ್ಟ್ಸ್ ಪೆನಾಲ್ಟಿಯಿಂದ ಒಂದು ಗೋಲು, ಮುಸಿಯಾಲ ಒಂದು. ಈ ಸಲ ನಮ್ಮ ಬೊಬ್ಬೆಯೂ ಎಲ್ಲರ ಬೊಬ್ಬೆಯೂ ಒಟ್ಟಿಗೆ. ಅಳಿಯ ನನ್ನ ಹೆಗಲು ಹಿಡಿದು ಕುಣಿದ. 45 ಯೂರೋ ಅಲ್ಲಿಗೆ ವಸೂಲಾಯಿತು ಅಂತ ನನ್ನ ಲೆಕ್ಕ.

ಡಿಶ್‌ನ ತೊಂದರೆಯೂ ಹೇಳುತ್ತೇನೆ. ಇನ್ನೊಂದು ಸಂಜೆ ಗಾರ್ಡಾದಲ್ಲೇ ಮಳೆ ಜೋರಾಗಿ ಹತ್ತು ನಿಮಿಷ ಚಿತ್ರ ಹೋಯಿತು, ಸಣ್ಣ ಡಿಶ್‌ಗೆ ಇದು ಸಹಜ. ಗಾಳಿಗೆ ಬೀಳದ ಹಾಗೆ ಸ್ಟ್ಯಾಂಡಿಗೆ ನೀರಿನ ಕ್ಯಾನ್ ಕಟ್ಟಬೇಕು. ಮಕ್ಕಳು ಕೇಬಲ್ ಎಡವುತ್ತಾರೆ. ಕಾಮೆಂಟರಿ ಜರ್ಮನ್‌ನಲ್ಲಿ, ಅದು ನನಗೆ ಅಡ್ಡಿಯಾಗಲಿಲ್ಲ.

ಆಂಟೆನಾ: 20 ಯೂರೋದ ಸಣ್ಣ ಕಡ್ಡಿ, ಕಿಟಕಿಗೆ ಅಂಟಿಸುವುದು. ಟಿರೋಲ್‌ನಲ್ಲಿ ಸುತ್ತ ಗುಡ್ಡ, ನಮಗೆ ಏನೂ ಸಿಗಲಿಲ್ಲ. ಗಾರ್ಡಾದಲ್ಲಿ ಇಟಲಿಯ ರಾಯ್ ಚಾನೆಲ್ ಸಿಕ್ಕಿತು. ಅದೇ 29ರ ಸಂಜೆ ಆರಕ್ಕೆ ಸ್ವಿಟ್ಜರ್ಲೆಂಡ್ ಇಟಲಿಯನ್ನು 2–0ಯಿಂದ ಸೋಲಿಸಿದ್ದನ್ನು ಅದರಲ್ಲೇ ನೋಡಿದೆವು. ಒಂದೇ ದೇಶದಲ್ಲಿ ಒಂದೇ ಕಡೆ ನಿಲ್ಲುವವರಿಗೆ ಸಾಕು, ತಿರುಗುವವರಿಗಲ್ಲ.

ಊರಿನ ಹೋಟೆಲಿಗೆ ಎರಡನೇ ಸ್ಥಾನ ಕೊಡುತ್ತೇನೆ. ಜೂನ್ 25ರಂದು ಇನ್ಸ್‌ಬ್ರುಕ್ ಹತ್ತಿರದ ಹಳ್ಳಿಯ ಗಾಸ್ಟ್‌ಹೌಸ್‌ನಲ್ಲಿ ಆಸ್ಟ್ರಿಯಾ–ನೆದರ್ಲೆಂಡ್ಸ್ ನೋಡಿದೆವು. ಡಿಶ್ ಕೈಯಲ್ಲಿತ್ತು, ಆದರೂ ಆಸ್ಟ್ರಿಯಾದ ಆಟವನ್ನು ಆಸ್ಟ್ರಿಯಾದವರ ಜೊತೆಗೇ ನೋಡಬೇಕು ಅಂತ ಭಾವ ಹೇಳಿದರು. ಆಸ್ಟ್ರಿಯಾ ಮುಂದೆ ಹೋಗುವುದು, ನೆದರ್ಲೆಂಡ್ಸ್ ಸಮ ಮಾಡುವುದು, ಹೀಗೆ 2–2. 80ನೇ ನಿಮಿಷಕ್ಕೆ ಸಾಬಿಟ್ಸರ್ ಎಡಗಡೆಯಿಂದ ನುಗ್ಗಿ ಹೊಡೆದ ಗೋಲಿಗೆ ಅಡುಗೆಮನೆಯಿಂದ ಒಬ್ಬ ಅಜ್ಜಿ ಸೌಟು ಹಿಡಿದುಕೊಂಡೇ ಓಡಿ ಬಂದರು. ಫ್ರಾನ್ಸ್, ನೆದರ್ಲೆಂಡ್ಸ್ ಇದ್ದ ಗುಂಪಿನಲ್ಲಿ ಆಸ್ಟ್ರಿಯಾ ಮೊದಲು! ಪರಿಚಯವೇ ಇಲ್ಲದವರು ನಮ್ಮ ಕೈ ಕುಲುಕಿದರು. ಅಂಥ ಸಂಜೆಯನ್ನು ಯಾವ ಡಿಶ್ಶೂ ಕೊಡುವುದಿಲ್ಲ. ಆದರೆ ನಾಲ್ಕು ಜನರ ಊಟ, ಕುಡಿಯುವುದು ಸೇರಿ ಆ ಒಂದೇ ಆಟಕ್ಕೆ ಡಿಶ್‌ನ ಬೆಲೆ ದಾಟಿತು. ದಿನಾ ಎರಡು ಆಟ ನೋಡುವವನಿಗೆ ಇದು ಹೊಂದುವುದಿಲ್ಲ. ಮತ್ತೆ, ಊರಿನ ತಂಡ ಆಡದ ದಿನ ಅಲ್ಲಿ ಟಿವಿ ಹಾಕುವುದೇ ಗ್ಯಾರಂಟಿ ಇಲ್ಲ.

ದೊಡ್ಡ ಪರದೆಯ ಫ್ಯಾನ್ ಝೋನ್‌ಗಳಿಗೆ ಕ್ಯಾಂಪರ್ ತಗೊಂಡು ಹೋಗುವ ಆಲೋಚನೆ ಬಿಡಿ. ಅವು ಪೇಟೆಯ ನಡುವೆ, ಗಾಡಿ ನಿಲ್ಲಿಸಲು ಜಾಗ ಇಲ್ಲ.

ಇನ್ನೊಂದು, ಯಾವುದರಲ್ಲಿ ನೋಡಿದರೂ ನೆನಪಿಡಿ: ಕ್ಯಾಂಪ್‌ಸೈಟ್‌ಗಳಲ್ಲಿ ಸಾಮಾನ್ಯವಾಗಿ ರಾತ್ರಿ ಹತ್ತಕ್ಕೆ ಸದ್ದು ನಿಲ್ಲಿಸಬೇಕು. ಒಂಬತ್ತರ ಆಟ ಮುಗಿಯುವಾಗ ಹನ್ನೊಂದಾಗುತ್ತದೆ. ಎರಡನೇ ಅರ್ಧಕ್ಕೆ ಟಿವಿ ಒಳಗೆ ತಂದು ದನಿ ತಗ್ಗಿಸಿ ನೋಡುತ್ತಿದ್ದೆವು. ಗೋಲಿನ ಬೊಬ್ಬೆಯನ್ನು ಮಾತ್ರ ಯಾರೂ ಬೈಯಲಿಲ್ಲ.

ಹಾಗಾಗಿ ನನ್ನಂತೆ ದಿನಾ ಆಟ ಬೇಕು, ಗಡಿ ದಾಟುತ್ತೇವೆ, ಮರದಡಿ ನಿಲ್ಲುತ್ತೇವೆ, ದುಡ್ಡು ನೋಡಿ ಖರ್ಚು ಮಾಡಬೇಕು ಅನ್ನುವವರು ನೆಲದ ಡಿಶ್ ತಗೊಳ್ಳಿ. ಎರಡು ವಾರದಲ್ಲಿ ಎರಡೇ ಆಟ ನೋಡುವವರು ಹಳ್ಳಿಯ ಹೋಟೆಲಿಗೆ ಹೋಗಿ, ಚೆನ್ನಾಗಿ ಊಟ ಮಾಡಿ.

ಜುಲೈ 5ಕ್ಕೆ ನಾವು ಸ್ಟುಟ್‌ಗಾರ್ಟ್ ಮನೆಗೆ ವಾಪಸ್ ಬಂದಿದ್ದೆವು. ಅವತ್ತೇ ಅಲ್ಲಿನ ಸ್ಟೇಡಿಯಂನಲ್ಲಿ ಜರ್ಮನಿ–ಸ್ಪೇನ್ ಕ್ವಾರ್ಟರ್ ಫೈನಲ್, ಸಂಜೆ ಆರಕ್ಕೆ. ಮನೆಯ ಟಿವಿ ದೊಡ್ಡದು, ಆದರೆ ಬರುವುದು ಇಂಟರ್ನೆಟ್‌ನಲ್ಲಿ. 51ನೇ ನಿಮಿಷಕ್ಕೆ ತೆರೆದ ಬಾಲ್ಕನಿಯಿಂದ ಸ್ಟೇಡಿಯಂನ ಸದ್ದು ಬಂತು, ಸ್ಪೇನ್‌ನ ಒಲ್ಮೊ ಹೊಡೆದ ಗೋಲು ಟಿವಿಗೆ ಬರುವಾಗ ನಮಗೆ ಕಾದು ಸಾಕಾಗಿತ್ತು. ಅಳಿಯ ಒಂದು ಮಾತೂ ಆಡದೆ ಕೆಳಗೆ ಓಡಿದ. ಕ್ಯಾಂಪರ್‌ನಿಂದ ಸೂಟ್‌ಕೇಸ್ ತಂದ. ಬಾಲ್ಕನಿ ದಕ್ಷಿಣಕ್ಕೆ ಮುಖ, ಎದುರಿಗೆ ಮರ ಇಲ್ಲ. ಆರು ನಿಮಿಷದಲ್ಲಿ ಒಬ್ಬನೇ ಡಿಶ್ ನಿಲ್ಲಿಸಿ, ಸಿಗ್ನಲ್ ಹಿಡಿದು, ಕೇಬಲನ್ನು ಟಿವಿಯ ಹಿಂದೆ ಸಿಕ್ಕಿಸಿದ. 89ನೇ ನಿಮಿಷಕ್ಕೆ ಜರ್ಮನಿಯ ವಿರ್ಟ್ಸ್‌ನ ಚೆಂಡು ಕಂಬಕ್ಕೆ ತಾಗಿ ಒಳಗೆ ಹೋದಾಗ ಸ್ಟೇಡಿಯಂ ಸದ್ದಿಗೂ ನಮ್ಮ ಟಿವಿಗೂ ಐದಾರು ಸೆಕೆಂಡಿನ ಅಂತರ, ಅಷ್ಟೆ. ಬೊಬ್ಬೆ ಹೊಡೆಯುತ್ತಲೇ ಗೋಲು ನೋಡಿದೆವು.

119ನೇ ನಿಮಿಷಕ್ಕೆ ಇನ್ನೊಂದು ಸದ್ದು ಬಂತು. ಸಣ್ಣ ಸದ್ದು, ಸ್ಟೇಡಿಯಂನ ಒಂದು ಮೂಲೆಯಿಂದ ಮಾತ್ರ ಬಂದ ಹಾಗೆ. ಅಕ್ಕ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಅಳಿಯ ಬಾಲ್ಕನಿಯ ಕಡೆ ತಿರುಗಿ, "ಮಾಮ, ಅದು ನಮ್ಮದಲ್ಲ" ಅಂದ. ಪರದೆಯಲ್ಲಿ ಒಲ್ಮೊ ಆಗ ಎಡಗಡೆಯಿಂದ ಚೆಂಡು ಎತ್ತಿ ಕೊಡುತ್ತಿದ್ದ, ಮೆರಿನೊ ಜಿಗಿಯಲು ಓಡುತ್ತಿದ್ದ.